ಎಷ್ಟು ರೊಟ್ಟಿ ಹಾದಿ?

ಎಪ್ಪತ್ತರ ದಶಕದ ಸಿಂದಗಿಯಲ್ಲಿ ನಮಗೆಲ್ಲ ಚಿಕ್ಕಮ್ಮನಂತಿದ್ದ ಮಗ್ಗುಲ ಮನೆಯ ಕಾಕು ದೂರವನ್ನು ರೊಟ್ಟಿಯಲ್ಲಿ ಅಳೆಯುತ್ತಿದ್ದರು. ಯಾರಾದರೂ ಪರವೂರಿಗೆ ಹೊರಟರೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಎಷ್ಟ ರೊಟ್ಟಿ ಹಾದಿ?" ಎನ್ನುವರು. ಇಂಡಿಗೆ ಎರಡು ರೊಟ್ಟಿ. ಮುದ್ದೇಬಿಹಾಳಕ್ಕೆ ನಾಲ್ಕು, ಏಕೆಂದರೆ ಬಾಗೇವಾಡಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು.

ನನಗೆ ಈಶಾನ್ಯದ ಗುಡ್ಡಗಾಡಿನಲ್ಲಿ ಸರ್ವೇ ಕೆಲಸ ಸಿಕ್ಕಿತು. ರೈಲು ಇಳಿದ ಮೇಲೆ, ಎರಡು ಪುಟ್ಟ ವಿಮಾನ ನಿಲ್ದಾಣಗಳ ನಡುವಿನ ಹಾದಿಯೊಂದು ಉಳಿಯುತ್ತಿತ್ತು.

"ವಿಮಾನ ಅರ್ಧ ತಾಸಿನ್ಯಾಗ ಇಳಸ್ತೈತ್ರಿ ಕಾಕು, ಬುತ್ತಿ ಯಾಕ?" ಎಂದೆ.

"ಹಾರೂದು ಅರ್ಧ ತಾಸು. ಕಾಯೂದು?" ಎನ್ನುತ್ತ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ದೊಡ್ಡ ಗಂಟನ್ನೇ ಕಟ್ಟಿದರು.

ಅಲ್ಲಿ ಮಂಜು ಕವಿದು ವಿಮಾನ ಎರಡು ದಿನ ಏಳಲೇ ಇಲ್ಲ. ಹೋಟೆಲೂ ಇಲ್ಲದ ಆ ಬಯಲಿನಲ್ಲಿ ಪೈಲಟ್ಟೂ ನಾನೂ ಕೂತು ಗಂಟನ್ನು ಪೂರಾ ಮುಗಿಸಿದೆವು.

ರಜೆಗೆ ಬಂದು ಇದನ್ನು ಹೇಳಿದಾಗ ಕಾಕು ನಗಲಿಲ್ಲ. ಕಟ್ಟಿಕೊಟ್ಟ ರೊಟ್ಟಿಗಳನ್ನು ಬೆರಳು ಮಡಚಿ ಎಣಿಸಿಕೊಂಡು, "ಹಂಗಾರ ಅದು ಮುದ್ದೇಬಿಹಾಳಕ್ಕಿಂತ ಭಾಳ ದೂರ ಐತಿ ಅನ್ನು," ಎಂದರು.

ಈಗಲೂ ವಿಮಾನ ಹತ್ತುತ್ತೇನೆ. ಚೀಲದಲ್ಲಿ ಬುತ್ತಿ ಇರುವುದಿಲ್ಲ. ಇಳಿದ ಮೇಲೆ, ಎಷ್ಟು ದೂರ ಬಂದೆನೆಂದು ತಿಳಿಯುವುದೇ ಇಲ್ಲ.