ಸುಣ್ಣದ ಗೆರೆಯೂ ಬಂಡಿಯ ನೊಗವೂ

ಎಪ್ಪತ್ತರ ದಶಕದಿಂದ ರಾಯಚೂರಿನ ನಮ್ಮ ಫುಟ್‌ಬಾಲ್ ತಂಡ ಎಲ್ಲಿ ಆಡಲು ಹೋದರೂ ನಾನು ಹೋಗುತ್ತಿದ್ದೆ. ಆಡುವವನಲ್ಲ, ನೋಡುವವನು. ಆಟಕ್ಕೆ ಮೊದಲೇ ತಲುಪುವುದು, ಮಧ್ಯರೇಖೆಯ ಹತ್ತಿರ ನಿಲ್ಲುವುದು, ಮುಗಿಯುವವರೆಗೆ ಜಾಗ ಬಿಡದಿರುವುದು ನನ್ನ ಪದ್ಧತಿ. ನಮ್ಮೂರಿನ ಗರಸು ನೆಲದ ಮೈದಾನವನ್ನು ನಾನು ಕಂಡ ಮೈದಾನಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಮನೆ.

ಬಹಳ ಇಷ್ಟವಾದದ್ದು ಮಾನ್ವಿಯ ಮೈದಾನ. ಅಲ್ಲಿ ಅಂಚಿನ ಸುಣ್ಣದ ಗೆರೆಯಿಂದ ಸಾಕಷ್ಟು ದೂರಕ್ಕೆ ಹಗ್ಗ ಕಟ್ಟುತ್ತಿದ್ದರು. ಬೇವಿನ ನೆರಳಿತ್ತು. ಹೊರಗಿನಿಂದ ಬಂದವರಿಗೆ ಮೊದಲು ನೀರು ಕೊಡುತ್ತಿದ್ದರು, ಬೈಗುಳ ಆಮೇಲೆ.

ಇಷ್ಟವಿಲ್ಲದ್ದು ದೇವದುರ್ಗದ್ದು. ಅಲ್ಲಿ ಕೂರಲು ಕಟ್ಟೆಯಿರಲಿಲ್ಲ. ಸುತ್ತಲಿನ ಹಳ್ಳಿಯವರು ಬಂಡಿ ಕಟ್ಟಿಕೊಂಡು ಬಂದು, ಎತ್ತು ಬಿಚ್ಚಿ, ನೊಗವನ್ನು ಮೈದಾನದ ಕಡೆಗೆ ಇಳಿಸುತ್ತಿದ್ದರು. ಬಂಡಿ ಮುಂದಕ್ಕೆ ಇಳಿಜಾರಾಗಿ ಹಿಂದೆ ಕೂತವನಿಗೂ ಆಟ ಕಾಣುತ್ತಿತ್ತು. ಆಟ ರಂಗೇರಿದಂತೆ ಬಂಡಿಗಳನ್ನು ಕೈಯಿಂದಲೇ ಮುಂದೆ ತಳ್ಳುತ್ತಿದ್ದರು. ರೆಫರಿ ಗದರಿದರೆ ಒಂದು ಮೊಳ ಹಿಂದೆ, ಅವನು ಬೆನ್ನು ತಿರುಗಿಸಿದರೆ ಮತ್ತೆ ಗೆರೆಯ ಮೇಲೆ.

ಎಂಬತ್ತರ ದಶಕದ ಒಂದು ಭಾನುವಾರ ಅಲ್ಲಿ ನನ್ನ ತಮ್ಮ ಬಲ ಅಂಚಿನಲ್ಲಿ ಆಡಬೇಕಿತ್ತು. ಮರುದಿನ ಬೆಳಿಗ್ಗೆ ಶಕ್ತಿನಗರದಲ್ಲಿ ನೌಕರಿಗಾಗಿ ಅವನ ವೈದ್ಯಕೀಯ ಪರೀಕ್ಷೆ. ಕಾಲಿಗೆ ಪೆಟ್ಟಾದರೆ ಆ ನೌಕರಿ ಇನ್ನೊಬ್ಬನ ಪಾಲು. ಆಡಬೇಡ ಎಂದೆ.

“ಅಣ್ಣಾ, ಹನ್ನೊಂದು ಮಂದಿ ಅಷ್ಟ ಬಂದೀವಿ. ನಾ ಬಿಟ್ರ ಆಟ ಹೆಂಗ ನಡೀತದ?” ಎಂದು ಬೂಟು ಕಟ್ಟಿದ.

ಅಂದು ನಾನು ಮಧ್ಯರೇಖೆ ಬಿಟ್ಟು ಅವನ ಜೊತೆಗೇ ಗೆರೆಗುಂಟ ಓಡಾಡಿದೆ.

“ಏ ಸಾಹೇಬ್ರ, ನಿಮ್ಮ ಬೆನ್ನು ನೋಡಾಕ ಬಂದಿಲ್ರೀ ನಾವು. ಸರೀರಿ,” ಎಂದ ಒಬ್ಬ ಬಂಡಿಯವ.

“ಬಂಡಿ ಸ್ವಲ್ಪ ಹಿಂದ ತಗೋ ಯಪ್ಪಾ. ಹುಡುಗರ ಕಾಲು ಮುರದಾವು.”

“ಕಾಲಿನ ಚಿಂತಿ ಇದ್ರ ಕೇರಂ ಆಡಾಕ ಹೇಳ್ರಿ.” ಬಂಡಿಗೆ ಬಂಡಿಯೇ ನಕ್ಕಿತು.

ಎರಡೂ ಕಡೆ ಗೋಲಿಲ್ಲ. ಕೊನೆಗೆ ಚೆಂಡು ತಮ್ಮನ ಮುಂದೆ ಗೆರೆಗುಂಟ ಉರುಳಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಬೆನ್ನಟ್ಟಿದ ಆಟಗಾರ ಹೆಗಲು ಕೊಟ್ಟು ತಮ್ಮನನ್ನು ಹೊರಕ್ಕೆ ಒತ್ತುತ್ತಿದ್ದ. ಮುಂದಿನ ಬಂಡಿಯ ನೊಗ ಗೆರೆ ದಾಟಿ ಒಳಗಿತ್ತು. ತಮ್ಮನ ಕಣ್ಣು ಚೆಂಡಿನ ಮೇಲಿತ್ತು.

“ನಿಂದ್ರಲೇ! ನೊಗ ಅದ!”

ನನ್ನ ದನಿಗೆ ತಮ್ಮ ಗಕ್ಕನೆ ನಿಂತ. ಚೆಂಡು ಎದುರಾಳಿಯ ಪಾಲಾಯಿತು. ಅವನು ಉದ್ದಕ್ಕೆ ಒದ್ದ ಅದೇ ಚೆಂಡಿನಿಂದ ನಮ್ಮ ಮೇಲೆ ಗೋಲಾಯಿತು. ಸೋತೆವು.

ಬಸ್ಸಿನಲ್ಲಿ ತಮ್ಮ ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ “ನಾ ಹಾರಿ ದಾಟ್ತಿದ್ದೆ,” ಎಂದ, ಅಷ್ಟೇ.

ಮರುದಿನ ಶಕ್ತಿನಗರದಲ್ಲಿ ಬಾಗಿಲ ಹೊರಗೆ ನಿಂತು ನೋಡಿದೆ. ಡಾಕ್ಟರು ಅವನನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಏಳಿಸಿದರು, ಮೊಣಕಾಲು ಒತ್ತಿ ನೋಡಿದರು, ಮುಂದಿನವರನ್ನು ಕರೆದರು. ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ.

“ಪಾಸಾತು,” ಎಂದ, ನನ್ನ ಕಡೆ ನೋಡದೆ. “ಆದ್ರ ಅದು ಖರೇ ಗೋಲ್ ಇತ್ತು, ಅಣ್ಣಾ.”