ಅವಳ ಹೆಸರಿನಲ್ಲಿ ಬರೆದ ಕಾಗದಗಳು

ನನ್ನ ಹೆಂಡತಿ ತೀರಿಕೊಂಡು ಏಳು ತಿಂಗಳಾದ ಮೇಲೆ ನಾನು ಅವಳ ಹೆಸರಿನಲ್ಲಿ ಐರ್ಲೆಂಡಿಗೆ ಕಾಗದ ಬರೆಯತೊಡಗಿದೆ. ಯಾರಿಗೂ ಮೋಸ ಮಾಡುವ ಉದ್ದೇಶ ನನಗಿರಲಿಲ್ಲ. ಅವಳ ಲ್ಯಾಪ್‌ಟಾಪ್ ತೆರೆದಾಗ ವಂಶಾವಳಿ ಹುಡುಕುವ ಜಾಲತಾಣದಲ್ಲಿ ಅವಳ ಖಾತೆ ತೆರೆದೇ ಇತ್ತು. ಮೇಲಿನ ಮೂಲೆಯಲ್ಲಿ ಅವಳ ಸಣ್ಣ ಫೋಟೊ. ಹೊರಗೆ ಬಂದರೆ ಮತ್ತೆ ಒಳಗೆ ಹೋಗಲು ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ. ಹಾಗಾಗಿ ಒಳಗೇ ಉಳಿದೆ.

ಅವಳು ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಮನೆಯವಳು. ನಾನು ಹರಿಹರದ ಕಡೆಯವನು, ಡಿಪ್ಲೊಮಾ ಓದಿದವನು. ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದೆವು. ಅವಳ ಮುತ್ತಾತ ಸೈನ್ಯದಲ್ಲಿ ಐರ್ಲೆಂಡಿನಿಂದ ಬಂದು ಬೆಂಗಳೂರಿನಲ್ಲೇ ನಿಂತವನು. ಅದಕ್ಕಿಂತ ಹೆಚ್ಚು ಅವರ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

“ನಿಮ್ ತಾತನ ಹೊಲ ಎಲ್ಲಿ ಅಂದ್ರೆ ಬದುವಿನ್ ಮೇಲಿರೋ ಬೇವಿನ ಮರಾನೂ ತೋರಿಸ್ತೀಯ ಮ್ಯಾನ್,” ಎನ್ನುತ್ತಿದ್ದಳು. “ನಮ್ದು? ಐರ್ಲೆಂಡ್ ಅಂತೆ! ಅಷ್ಟು ದೊಡ್ಡ ಅಡ್ರೆಸ್‌ಗೆ ಯಾವ ಪೋಸ್ಟ್‌ಮ್ಯಾನ್ ಕಾಗದ ತಗೊಂಡ್ ಹೋಗ್ತಾನೆ?”

ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ, “ಊರಿನ ಹೆಸರು ಹುಡುಕು. ಅಷ್ಟೇ ಸಾಕು,” ಎಂದಳು. ಮನೆಗೆ ಬಂದ ಮೇಲೆ ನೀನೇ ಹುಡುಕುವೆಯಂತೆ ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ, ಊಟ ತಪಾವ್ ಕಟ್ಟಿಸಿಕೊಂಡು ತಂದಿದ್ದೀಯೋ ಅಥವಾ ಇವತ್ತೂ ಬಿಸ್ಕತ್ತೋ ಎಂದು ಕೇಳಿದಳು.

ಹುಡುಕುವ ದಾರಿ ನನಗೆ ಗೊತ್ತಿರಲಿಲ್ಲ. ಐರ್ಲೆಂಡಿನ ಹಳೆಯ ಜನಗಣತಿಯನ್ನು ಬಿಟ್ಟಿಯಾಗಿ ನೋಡಬಹುದೆಂದು ಓದಿ, ಅವಳ ಮನೆತನದ ಹೆಸರನ್ನು ಟೈಪ್ ಮಾಡಿದೆ. ಪುಟದ ಮೇಲೆ ಪುಟ ಅದೇ ಹೆಸರಿನ ಜನ. ಮೂರು ಭಾನುವಾರ ಕೂತು ಅವರನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಪುಚೊಂಗ್‌ನಲ್ಲಿರುವ ಮಗಳು ಫೋನಿನಲ್ಲಿ ಇದನ್ನು ಕೇಳಿ ನಕ್ಕಳು.

“ಅಪ್ಪಾ, ಐರ್ಲೆಂಡಿಂದ ಸ್ಟಾರ್ಟ್ ಮಾಡೋಕಾಗಲ್ಲ ಲಾ. ಸ್ಟಾರ್ಟ್ ಫ್ರಮ್ ಮಮ್ಮಿ. ದೆನ್ ಗ್ರ್ಯಾಂಡ್‌ಪಾ, ದೆನ್ ಹಿಸ್ ಡ್ಯಾಡ್. ಒನ್ ಬೈ ಒನ್.”

ನನಗೆ ನಾಚಿಕೆಯಾಯಿತು. ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಅದೇ ಕೆಲಸ. ಕೆಟ್ಟ ಸರ್ಕ್ಯೂಟ್ ಬೋರ್ಡು ಕೈಗೆ ಬಂದರೆ ಕೊನೆಯ ಹಂತದಿಂದ ಒಂದೊಂದೇ ಹಂತ ಹಿಂದಕ್ಕೆ ಹೋಗಬೇಕು, ಯಾವುದನ್ನೂ ಹಾರಬಾರದು. ಹಾಗೆಯೇ ಹಿಂದಕ್ಕೆ ಹೋದೆ. ಅವಳ ತಂದೆಯ ನಾಮಕರಣ ಬೆಂಗಳೂರಿನ ಚರ್ಚಿನ ಪುಸ್ತಕದಲ್ಲಿ ಸಿಕ್ಕಿತು. ಅವರ ತಂದೆಯದೂ ಸಿಕ್ಕಿತು. ಮುತ್ತಾತನ ಮದುವೆಯ ಸಾಲಿನಲ್ಲಿ ಅವನ ಅಪ್ಪನ ಹೆಸರಿತ್ತು, ತಾಯಿಯದು ಇರಲಿಲ್ಲ. ಸೈನ್ಯದ ಕಾಗದದಲ್ಲಿ ಜಿಲ್ಲೆಯ ಹೆಸರು ಮಾತ್ರ ಇತ್ತು. ಆ ಜಿಲ್ಲೆಯ ಚರ್ಚುಗಳ ನಾಮಕರಣದ ಪುಸ್ತಕಗಳನ್ನು ನೋಡಿದರೆ, ಮುತ್ತಾತನದೇ ಹೆಸರಿನ, ಅವನ ಅಪ್ಪನದೇ ಹೆಸರಿನ ಅಪ್ಪನಿರುವ ಮೂವರು ಹುಡುಗರು. ಮೂವರದೂ ಬೇರೆ ಬೇರೆ ಹಳ್ಳಿ. ತಾಯಂದಿರೂ ಬೇರೆ, ಆದರೆ ಅವರ ಹೆಸರುಗಳನ್ನು ಆ ಮಾಸಿದ ಲ್ಯಾಟಿನ್ ಕೈಬರಹದಲ್ಲಿ ಓದಲು ನನಗಾಗಲಿಲ್ಲ.

ಜಾಲತಾಣದ ಪ್ರಶ್ನೆ ಕೇಳುವ ಪುಟದಲ್ಲಿ ಇದನ್ನೇ ಬರೆದೆ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ತಿದ್ದಿ, ಆಮೇಲೆ ಟೈಪ್ ಮಾಡುತ್ತಿದ್ದೆ. ಅದಕ್ಕೇ ಅವನ್ನು ಕಾಗದ ಅನ್ನುತ್ತೇನೆ. ಎರಡು ದಿನದಲ್ಲಿ ಆ ಜಿಲ್ಲೆಯ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಉತ್ತರಿಸಿದರು. ‘ಪ್ರಿಯ ಸಹೋದರಿ’ ಎಂದು ಶುರುವಾಗಿತ್ತು. ನಾನು ಅವಳಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಆರು ವಾರ ಹೀಗೇ ನಡೆಯಿತು. ಆಕೆ ತಮ್ಮ ಮಂಡಿನೋವಿನ ಬಗ್ಗೆ ಬರೆಯುತ್ತಿದ್ದರು. ಪೆನಾಂಗ್‌ನಲ್ಲಿ ಏನು ಅಡಿಗೆ ಮಾಡುತ್ತೀರಿ ಎಂದು ಕೇಳಿದರು. ಅವಳು ಮಾಡುತ್ತಿದ್ದ ಹಳದಿ ಅನ್ನ, ಕೈಮಾ ಉಂಡೆ ಸಾರಿನ ಬಗ್ಗೆ ನಾನು ಬರೆದೆ. ಬರೆದ ದಿನ ನಾನು ಉಂಡಿದ್ದು ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯ ರೊಟ್ಟಿ. ನಿಮ್ಮ ಯಜಮಾನರಿಗೆ ಇದರಲ್ಲಿ ಆಸಕ್ತಿ ಇದೆಯೇ ಎಂದು ಒಮ್ಮೆ ಕೇಳಿದರು. ‘ಇದೆ, ಆದರೆ ಆ ಮನುಷ್ಯನಿಗೆ ತಾಳ್ಮೆ ಎಂಬುದೇ ಇಲ್ಲ’ ಎಂದು ಬರೆದೆ. ಬರೆದು ಒಬ್ಬನೇ ನಕ್ಕೆ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗುವಿನ ಸದ್ದಾಗಿತ್ತು.

ಆಮೇಲೆ ಆಕೆ ಒಂದು ಪ್ರಶ್ನೆ ಕಳಿಸಿದರು. ತಮ್ಮ ಕಡೆ ಹೆಣ್ಣುಮಕ್ಕಳಿಗೆ ಅಜ್ಜಿ, ಮುತ್ತಜ್ಜಿಯರ ಹೆಸರನ್ನೇ ತಲೆಮಾರಿನಿಂದ ತಲೆಮಾರಿಗೆ ಇಡುವ ರೂಢಿ ಇತ್ತು, ಸಮುದ್ರ ದಾಟಿದವರೂ ಅದನ್ನು ಬಿಡುತ್ತಿರಲಿಲ್ಲ, ಆದ್ದರಿಂದ ನಿಮಗೆ ನಾಮಕರಣದಲ್ಲಿ ಇಟ್ಟ ಪೂರ್ತಿ ಹೆಸರನ್ನು ಬರೆಯಿರಿ ಎಂದು.

ಅವಳ ಹೆಸರಿನ ನಡುವೆ ಒಂದು ಅಕ್ಷರ ಮತ್ತು ಚುಕ್ಕೆ ಇರುತ್ತಿತ್ತು. ಅಷ್ಟು ವರ್ಷ ಜೊತೆಗಿದ್ದೂ ಆ ಅಕ್ಷರ ಏನೆಂದು ನಾನು ಒಮ್ಮೆ ಮಾತ್ರ ಕೇಳಿದ್ದೆ. “ಅಜ್ಜಿ ಕಾಲದ್ದು ಮ್ಯಾನ್, ಬಿಡು,” ಎಂದಿದ್ದಳು. ಪಾಸ್‌ಪೋರ್ಟಿನಲ್ಲೂ ಅಕ್ಷರವೇ ಇತ್ತು. ಪೂರ್ತಿ ಹೆಸರು ಇದ್ದದ್ದು ಅವಳ ಮರಣ ಪ್ರಮಾಣಪತ್ರದಲ್ಲಿ. ಕಚೇರಿಯಲ್ಲಿ ಅದನ್ನು ತುಂಬಿಸಿದವಳು ಮಗಳು. ನಾನು ಮಡಚಿ ಕಡತದಲ್ಲಿ ಇಟ್ಟವನು, ಬಿಡಿಸಿ ಓದಿರಲಿಲ್ಲ.

ಓದಿದೆ. ಹೆಸರನ್ನು ನೋಟ್‌ಬುಕ್ಕಿಗೆ ಇಳಿಸಿದೆ. ಆ ಪತ್ರ ಮೇಜಿನ ಮೇಲೆ ಬಿಚ್ಚಿ ಬಿದ್ದಿರುವಾಗ ‘ನನ್ನ ಹೆಸರು’ ಎಂದು ಬರೆಯಲು ಕೈ ಬರಲಿಲ್ಲ. ನಿಜವನ್ನೇ ಬರೆದೆ. ನಾನು ಆಕೆಯ ಗಂಡ, ಆಕೆ ತೀರಿಕೊಂಡಿದ್ದಾಳೆ, ಇಷ್ಟು ದಿನ ಬರೆದವನು ತಾಳ್ಮೆ ಇಲ್ಲದ ಆ ಮನುಷ್ಯನೇ, ಕ್ಷಮಿಸಿ. ಕೆಳಗೆ ಅವಳ ಪೂರ್ತಿ ಹೆಸರು.

ಒಂಬತ್ತು ದಿನ ಉತ್ತರವಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡೆ, ಊರಿನ ಹೆಸರೂ ಹೋಯಿತು ಎಂದುಕೊಂಡೆ. ಹತ್ತನೆಯ ದಿನ ಬಂದ ಕಾಗದ ಚಿಕ್ಕದು. ಮೂವರು ಹುಡುಗರಲ್ಲಿ ಒಬ್ಬನ ತಾಯಿಗೆ ಮಾತ್ರ ಆ ನಡುವಿನ ಹೆಸರಿದೆ, ನೂರಕ್ಕೆ ನೂರು ಎನ್ನಲಾರೆ, ಆದರೆ ನನ್ನ ಮನೆಯವರಾಗಿದ್ದರೆ ನಾನು ನಂಬುತ್ತಿದ್ದೆ, ಎಂದಿದ್ದರು. ಹಳ್ಳಿಯ ಹೆಸರಿತ್ತು. ಕಡೆಗೆ, ನಾನೂ ಒಬ್ಬಳೇ ಇರುವುದು, ನಿಮ್ಮ ಹೆಂಡತಿಯ ಕಾಗದಗಳು ನನಗೆ ಇಷ್ಟವಾಗಿದ್ದವು, ಎಂದಿತ್ತು.

ಭೂಪಟದಲ್ಲಿ ಹುಡುಕಿದೆ. ಒಂದು ರಸ್ತೆ, ಹತ್ತಿಪ್ಪತ್ತು ಮನೆ, ಸುತ್ತ ಹುಲ್ಲು. ಊರಿನ ಹೆಸರು ಹುಡುಕು ಎಂದಿದ್ದವಳಿಗೆ ಇದನ್ನು ಹೇಳುವಂತಿರಲಿಲ್ಲ. ಮಗಳಿಗೆ ಫೋನ್ ಮಾಡಿದೆ. ಅವಳು ಕೆಲಸ ಮುಗಿಸಿ ರೈಲಿನಲ್ಲಿದ್ದಳು. ಹೇಳುವ ಮೊದಲು, ಅಮ್ಮನ ಹೆಸರಿನಲ್ಲಿ ಬರೆದದ್ದನ್ನು ಒಪ್ಪಿಕೊಂಡೆ.

“ಐ ನೋ ಅಪ್ಪಾ. ಮಮ್ಮಿ ಇಮೇಲ್ ನನ್ ಫೋನಲ್ಲೂ ಇದೆ. ಆ ಸೈಟಲ್ಲಿ ಬರ್ದಿದ್ದೆಲ್ಲಾ ಅದಕ್ಕೂ ಬರತ್ತೆ.”

“ಎಲ್ಲಾ ಓದಿದ್ಯಾ?”

“ಎವ್ರಿಥಿಂಗ್. ನಿಂಗೆ ತಾಳ್ಮೆ ಇಲ್ಲ ಅಂತ ಬರ್ದಿದ್ಯಲ್ಲ, ಐ ಥಾಟ್ ಫಾರ್ ಒನ್ ಸೆಕೆಂಡ್ ಮಮ್ಮಿನೇ...” ಎಂದು ನಿಲ್ಲಿಸಿದಳು. “ಈಗ ಬಂದಿರೋ ಮೇಲ್ ಓದಿಲ್ಲ. ನೀನೇ ಹೇಳ್ಲಿ ಅಂತ.”

ಹಳ್ಳಿಯ ಹೆಸರು ಹೇಳಿದೆ. ಇನ್ನೊಂದು ಸಲ ಹೇಳಪ್ಪ ಎಂದಳು. ಹೇಳಿದೆ. ಅವಳು ಮೆಲ್ಲಗೆ ತಾನೂ ಹೇಳಿನೋಡಿದಳು.

“ಅಯ್ಯೋ, ನನ್ ಸ್ಟೇಷನ್ ಹೋಯ್ತು ಅಪ್ಪಾ.”

“ಮುಂದಿನದ್ರಲ್ಲಿ ಇಳಿ. ವಾಪಸ್ ಬಾ.”

“ಇಳೀತೀನಿ. ನೀನ್ ಫೋನ್ ಇಡಬೇಡ,” ಎಂದಳು.