ಕೇಳಿಸುತ್ತಿದೆ, ಕೇಳಿಸುತ್ತಿದೆ

ನಮ್ಮಕ್ಕ ಸೇನ್ ಯೀ, ಐರಾವತಿ ನದಿಯ ದಂಡೆಯ ಪ್ಯೇ ಊರಿನ ಮಾರುಕಟ್ಟೆಯಲ್ಲಿ ಊಟದ ಜೊತೆ ತಿನ್ನುವ, ಹುಳಿ ಬರಿಸಿದ ಚಹಾ ಎಲೆ ಮಾರುತ್ತಿದ್ದಳು. ಬೌದ್ಧ ವಿಹಾರದಲ್ಲಿ ಕಲಿತ ಧ್ಯಾನ ಅವಳನ್ನು ಅಂಗಡಿಯಲ್ಲೂ ಬಿಡುತ್ತಿರಲಿಲ್ಲ. ಏನೇ ಆದರೂ ಅದನ್ನು ಮನಸ್ಸಿನಲ್ಲೇ ಎರಡು ಸಲ ಹೆಸರಿಸಿ ಬಿಟ್ಟುಬಿಡಬೇಕು. ನಡೆದರೆ ನಡೆಯುತ್ತಿದೆ, ನಡೆಯುತ್ತಿದೆ. ಸೊಳ್ಳೆ ಕಚ್ಚಿದರೆ ಉರಿಯುತ್ತಿದೆ, ಉರಿಯುತ್ತಿದೆ.

"ತೂಗ್ತಿದೀನಿ, ತೂಗ್ತಿದೀನಿ ಅಂತ ನೀನು ನಿಂತ್ರೆ ನಮ್ಮನೇಲಿ ಉಣ್ಣೋದ್ಯಾವಾಗಮ್ಮ?" ಎಂದು ಗಿರಾಕಿಗಳು ರೇಗಿಸುತ್ತಿದ್ದರು. ಅಕ್ಕ ನಗುತ್ತಿದ್ದಳು. ಗಂಡ ಬಿಟ್ಟುಹೋದಾಗ ಅವಳಿಗೆ ಹುಚ್ಚು ಹಿಡಿಯದೆ ಉಳಿದದ್ದು ಆ ಧ್ಯಾನದಿಂದಲೇ. ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಹೊಸವರ್ಷದ ನೀರಹಬ್ಬದ ರಜೆಗೆ ಪ್ರತಿ ಸಲ ವಿಹಾರಕ್ಕೆ ಹೋಗುವವಳು ಆ ವರ್ಷ ಹೋಗಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಳು. ಮನೆಯಲ್ಲೇ, ಒಂದು ಗಂಟೆ ಅಲುಗಾಡುವುದಿಲ್ಲವೆಂದು ಸಂಕಲ್ಪ ಮಾಡಿ ಕೂತಳು. ನಾನು ಔಷಧಿ ತರಲು ಹೋದೆ. ಬೀದಿಯಲ್ಲಿ ಜನ ಒಬ್ಬರಿಗೊಬ್ಬರು ನೀರೆರಚುತ್ತಿದ್ದರು. ತೊಯ್ದು ತೊಪ್ಪೆಯಾಗಿ ಮನೆಗೆ ಬಂದರೆ ಅಮ್ಮ ಮಂಚದಿಂದ ಅರ್ಧ ಜಾರಿದ್ದಳು. ಕೈ ಹೂಜಿಯ ಕಡೆ ಚಾಚಿತ್ತು. ಉಸಿರಿರಲಿಲ್ಲ.

"ಅಮ್ಮ ಕರೀಲಿಲ್ವೇನಕ್ಕ?"

"ಕರೆದ್ಲು. ಮಗಳೇ, ನೀರು ಅಂದ್ಲು." ಅಕ್ಕನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಕೇಳಿಸ್ತಿದೆ, ಕೇಳಿಸ್ತಿದೆ ಅಂದ್ಕೊಂಡೆ. ಆಮೇಲೆ ನಿಂತೋಯ್ತು."

ಸಾವಿನ ಏಳನೆಯ ದಿನದ ದಾನಕ್ಕೆ ವಿಹಾರದ ಹಿರಿಯ ಭಿಕ್ಷು ಬಂದಾಗ ನಾನು ತಡೆಯಲಾರದೆ ಕೇಳಿದೆ. "ಇದ್ಯಾವ ಧರ್ಮ ಭಂತೆ?"

ಅವರು ಭಿಕ್ಷಾಪಾತ್ರೆಯನ್ನು ಪಕ್ಕಕ್ಕಿಟ್ಟರು. "ಕೇಳಿಸಿದ್ದನ್ನ ತಿಳಿಯೋದು ಕಲಿಸ್ದೆ. ತಿಳಿದ ಮೇಲೆ ಏಳಬೇಕು ಅಂತ ಬೇರೆ ಹೇಳಬೇಕಾಗತ್ತೆ ಅಂತ ನನಗೆ ಹೊಳೀಲಿಲ್ಲ ತಾಯಿ. ತಪ್ಪು ನಂದೂ ಇದೆ."

ಅದಕ್ಕೂ ನನ್ನ ಸಿಟ್ಟು ಇಳಿಯಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದು ಅಕ್ಕನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆ. ಅವಳು ಮತ್ತೆಂದೂ ಧ್ಯಾನಕ್ಕೆ ಕೂರಲಿಲ್ಲ.

ಈಗ ಅವಳ ಕಿವಿ ಮಂದ. ಆದರೂ ದಿನಕ್ಕೆ ನಾಲ್ಕಾರು ಸಲ ದಡಬಡಿಸಿ ಎದ್ದು, ಲೋಟದಲ್ಲಿ ನೀರು ಹಿಡಿದು, ಅಮ್ಮನ ಖಾಲಿ ಮಂಚದ ಹತ್ತಿರ ನಿಲ್ಲುತ್ತಾಳೆ. "ಯಾರೂ ಕರೆದಿಲ್ಲ, ಬಂದು ಕೂತ್ಕೋ" ಎಂದು ನಾನು ಗದರುತ್ತಿದ್ದೆ.

ನಿನ್ನೆ ನೀರಹಬ್ಬ. ಬೀದಿಯಲ್ಲಿ ಗದ್ದಲವೋ ಗದ್ದಲ. ಅಕ್ಕ ಮಂಚದ ಪಕ್ಕ ನಿಂತಿದ್ದಳು. ಅರ್ಧ ನೀರು ಅವಳ ಬಟ್ಟೆಯ ಮೇಲೇ ಚೆಲ್ಲಿತ್ತು. "ಕರೆದ್ರು ಕಣೇ, ಕೇಳಿಸ್ತು" ಎಂದಳು. ಈ ಸಲ ನಾನು ಗದರಲಿಲ್ಲ. ಹೋಗಿ ಆ ಮಂಚದ ಮೇಲೆ ಕೂತೆ.

"ಹೂಂ ಅಕ್ಕ, ನಾನೇ ಕರೆದೆ. ಬಾಯಾರಿಕೆ" ಎಂದು ಅವಳ ಕಿವಿಯ ಹತ್ತಿರ ಕೂಗಿ ಹೇಳಿ, ಲೋಟ ಇಸಿದುಕೊಂಡು ಉಳಿದಷ್ಟನ್ನೂ ಕುಡಿದೆ.

ಅಕ್ಕ ಖಾಲಿ ಲೋಟವನ್ನೇ ನೋಡಿದಳು. "ಇನ್ನೊಂದು ತರ್ಲಾ?" ಅಂದಳು.